ಸೆಕೆಂಡ್ ಹ್ಯಾಂಡ್ ಸರ್ವರ್ ತಗೊಳ್ಳೋ ಮುಂಚೆ ಇದನ್ನೊಂದು ಓದಿ

ಬರೆಯೋಕೆ ನಾಚಿಕೆ ಆಗುತ್ತಿದೆ. ಹನ್ನೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಆದರೂ ಮೋಸ ಹೋದೆ. ಒಂದು ದಿನ ಅಲ್ಲ, 26 ದಿನ ಮೋಸ ಹೋಗುತ್ತಲೇ ಇದ್ದೆ.

ದಾವಣಗೆರೆಯ ಒಂದು ಔಷಧಿ ಹೋಲ್‌ಸೇಲ್ ಅಂಗಡಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಬಿಲ್ಲಿಂಗ್‌ಗೆ 14 ಸಿಸ್ಟಂ, ಎಲ್ಲಕ್ಕೂ ಸೇರಿ ಒಂದೇ ಸರ್ವರ್. ಹಳೇ ಸರ್ವರ್‌ನ ಮದರ್‌ಬೋರ್ಡ್ ಹೋಯಿತು. ಹೊಸದಕ್ಕೆ ಕೊಟೇಶನ್ ತರಿಸಿದರೆ ಎರಡು ಲಕ್ಷ ದಾಟಿತು. ಜಾಣತನ ತೋರಿಸಿದವನು ನಾನೇ. "ಸಾವ್ಕಾರ್ರೆ, ಬೆಂಗಳೂರು ಎಸ್‌ಪಿ ರೋಡಲ್ಲಿ ರಿಫರ್ಬಿಶ್ಡ್ ಸಿಗುತ್ತೆ, ಮೂರರಲ್ಲಿ ಒಂದು ಪಾಲಿಗೆ ಮುಗಿಯುತ್ತೆ" ಅಂದೆ. ಆಷಾಢದಲ್ಲಿ ಹೊಸ ಸಾಮಾನು ತರಬೇಡ ಅಂತ ಮನೆಯಲ್ಲಿ ಅಮ್ಮ ಹೇಳಿದ್ದಳು. ಹಳೇದೇ ತಾನೇ ಅಂತ ನಕ್ಕುಬಿಟ್ಟೆ.

ರೇಟ್ 68,000. ಎರಡು ಟಿಬಿಯ ನಾಲ್ಕು ಡಿಸ್ಕ್, ರೇಡ್ 5 (ಒಂದು ಡಿಸ್ಕ್ ಹೋದರೂ ಡೇಟಾ ಉಳಿಯೋ ಹಾಗೆ ಜೋಡಿಸೋ ಕ್ರಮ), ಡಿಸ್ಕ್‌ಗಳನ್ನು ನಡೆಸೋ ರೇಡ್ ಕಾರ್ಡಿನಲ್ಲಿ 512 ಎಂಬಿ ಕ್ಯಾಶ್ (ಡೇಟಾ ತಾತ್ಕಾಲಿಕವಾಗಿ ನಿಲ್ಲೋ ಮೆಮೊರಿ), ಅದಕ್ಕೆ ಬ್ಯಾಟರಿ ಸಮೇತ. ನಾನು ಏನೂ ಕೇಳದೆ ದುಡ್ಡು ಹಾಕಿದವನಲ್ಲ. ಕ್ಯಾಶ್ ಬಳಸಿ ಬೇಗ ಬರೆಯೋ ವಿಧಾನಕ್ಕೆ ರೈಟ್ ಬ್ಯಾಕ್ ಅಂತಾರೆ. "ರೈಟ್ ಬ್ಯಾಕ್ ಆನ್ ಇದೆಯಾ?" ಅಂತ ಕೇಳಿದ್ದೆ. ಕೇಳಿದ್ದೆ! ಎಸ್‌ಪಿ ರೋಡಿನ ಅಂಗಡಿಯವನು ಐದೇ ನಿಮಿಷದಲ್ಲಿ ವಾಟ್ಸಾಪ್‌ಗೆ ಫೋಟೋ ಕಳಿಸಿದ. ಮಾನಿಟರ್ ಮುಂದೆ ಹಿಡಿದ ಮೊಬೈಲ್‌ನಲ್ಲಿ ತೆಗೆದ ಫೋಟೋ. "ಡಿಫಾಲ್ಟ್ ಕ್ಯಾಶ್ ಪಾಲಿಸಿ: ರೈಟ್‌ಬ್ಯಾಕ್" ಅನ್ನೋ ಸಾಲು ಸ್ಪಷ್ಟವಾಗಿತ್ತು. ಪರದೆಗೆ ಬೆರಳಿಟ್ಟು ತೋರಿಸಿದ ಹಾಗೆ ಅದರ ಕೆಳಗೆ ಒಂದು ಹೆಬ್ಬೆರಳು. ಈ ಹೆಬ್ಬೆರಳು ನೆನಪಿಟ್ಟುಕೊಳ್ಳಿ.

ಸರ್ವರ್ ಬಂತು, ಡೇಟಾ ಹಾಕಿದೆ. ಮೊದಲ ದಿನವೇ ಗಲಾಟೆ. ಬಿಲ್ ಸೇವ್ ಒತ್ತಿದರೆ ಚಕ್ರ ಸುತ್ತುತ್ತದೆ. ಒಂದು, ಎರಡು, ಮೂರು... ಏಳು. ಹತ್ತು ಗಂಟೆಗೆ ಮೆಡಿಕಲ್ ಶಾಪಿನ ಹುಡುಗರೆಲ್ಲ ಬಂದು ನಿಂತರೆ ಅದೇ ಹದಿನೈದು. "ಹಳೇದೇ ಚಲೋ ಇತ್ತಲ್ಲ ಸಾರ್" ಅಂತ ಕೌಂಟರಿನ ಹುಡುಗಿ ಎಲ್ಲರ ಮುಂದೆ ಅಂದಳು. ತಮಾಷೆ ಅಂದರೆ ರಿಪೋರ್ಟ್ ಮಾತ್ರ ಪಟ್ ಅಂತ ತೆರೆಯುತ್ತಿತ್ತು. ಓದೋದು ಜೋರು, ಬರೆಯೋದು ಆಮೆ. ಅಲ್ಲೇ ನನಗೆ ಹೊಳೆಯಬೇಕಿತ್ತು.

ಫೋನ್ ಮಾಡಿದೆ. "ನಮ್ಮಲ್ಲಿ ರಾಕೆಟ್ ಥರ ಓಡ್ತಿತ್ತು ಸರ್, ನಿಮ್ ನೆಟ್‌ವರ್ಕ್ ನೋಡಿ" ಅಂದ. ಸ್ವಿಚ್ ಬದಲಾಯಿಸಿದೆ, 4,500 ಹೋಯಿತು. ಕೇಬಲ್ ಹೊಸದು ಎಳೆಸಿದೆ. "ಆಂಟಿವೈರಸ್ ತೆಗೀರಿ ಸರ್" ಅಂದ, ತೆಗೆದೆ. "ವಿಂಡೋಸ್ ಅಪ್‌ಡೇಟ್ ಹಾಕಿದ್ರಾ? ಅದಕ್ಕೇ" ಅಂದ. ಆಮೇಲೆ ನೆಟ್‌ವರ್ಕ್ ವಯರ್ ಕಿತ್ತು, ಸರ್ವರ್ ಒಳಗೇ ಟೆಸ್ಟ್ ಹಾಕಿದೆ. ಓದೋದು ಸೆಕೆಂಡಿಗೆ 380 ಎಂಬಿ, ಬರೆಯೋದು 22. ನೆಟ್‌ವರ್ಕ್ ಎಲ್ಲಿ ಬಂತು ಇದರಲ್ಲಿ? ಅದನ್ನು ಕಳಿಸಿದರೆ ಅವನ ಉತ್ತರ: "ಓ, ಬ್ಯಾಟರಿ ಲರ್ನ್ ಸೈಕಲ್ ಆಗ್ತಿದೆ ಸರ್. ಎರಡು ದಿನ ಬಿಡಿ, ತಾನೇ ಸರಿ ಹೋಗುತ್ತೆ."

ಇದು ಅರ್ಧ ನಿಜ, ಅದಕ್ಕೇ ನಂಬಿದೆ. ರೇಡ್ ಕಾರ್ಡಿನ ಬ್ಯಾಟರಿ ಆಗಾಗ ತಾನೇ ಖಾಲಿಯಾಗಿ ಮತ್ತೆ ಚಾರ್ಜ್ ಆಗಿ ತನ್ನ ಶಕ್ತಿ ಎಷ್ಟಿದೆ ಅಂತ ಅಳೆದುಕೊಳ್ಳುತ್ತದೆ. ಅಷ್ಟು ಹೊತ್ತು ಬರೆಯೋದು ನಿಧಾನ ಆಗೋದೂ ಸರಿಯೇ. ಆದರೆ ಅದು ಗಂಟೆಗಳ ಲೆಕ್ಕ. ನಾನು ಎರಡು ದಿನ ಕಾದೆ. "ಇನ್ನೆರಡು ದಿನ ಸರ್" ಅಂದ. ಮತ್ತೆರಡು ದಿನ ಕಾದೆ. ಏನು ಹೇಳಲಿ.

ಹತ್ತೊಂಬತ್ತನೇ ದಿನ, ಭಾನುವಾರ, ಅಂಗಡಿಯಲ್ಲಿ ಒಬ್ಬನೇ ಕೂತು, ರೇಡ್ ಕಾರ್ಡಿನ ಸ್ಥಿತಿ ತೋರಿಸೋ ಮೆಗಾಸಿಎಲ್‌ಐ ಕಮಾಂಡ್ ಹಾಕಿದೆ. ಮುಂಚೆಯೂ ಹಾಕಿದ್ದೆ, ರೈಟ್‌ಬ್ಯಾಕ್ ಅಂತ ಕಂಡ ತಕ್ಷಣ ಮುಚ್ಚಿಬಿಟ್ಟಿದ್ದೆ. ಈ ಸಲ ಕೆಳಗಿನ ಸಾಲಿಗೂ ಕಣ್ಣು ಹೋಯಿತು.

ಡಿಫಾಲ್ಟ್ ಕ್ಯಾಶ್ ಪಾಲಿಸಿ: ರೈಟ್‌ಬ್ಯಾಕ್.
ಕರೆಂಟ್ ಕ್ಯಾಶ್ ಪಾಲಿಸಿ: ರೈಟ್‌ಥ್ರೂ.

ಮೇಲಿನದು ಹೇಗಿರಬೇಕು ಅಂತ. ಕೆಳಗಿನದು ಈಗ ಹೇಗಿದೆ ಅಂತ. ಬ್ಯಾಟರಿ ಸ್ಟೇಟಸ್ ಕೇಳಿದೆ. "ಬ್ಯಾಟರಿ ರೀಪ್ಲೇಸ್‌ಮೆಂಟ್ ರಿಕ್ವೈರ್ಡ್: ಯೆಸ್." ಕೈ ನಡುಗುತ್ತಾ ಮೊಬೈಲ್ ತೆಗೆದು ಅವನ ಹಳೇ ಫೋಟೋ ದೊಡ್ಡದು ಮಾಡಿ ನೋಡಿದೆ. ಆ ಹೆಬ್ಬೆರಳು ಕೂತಿದ್ದು ಸರಿಯಾಗಿ ಎರಡನೇ ಸಾಲಿನ ಮೇಲೆ. ಉಗುರಿನ ಪಕ್ಕ "ಕರೆಂಟ್" ಅನ್ನೋ ಪದದ ಮೊದಲ ಅಕ್ಷರ ಇಣುಕುತ್ತಿತ್ತು. ಹತ್ತೊಂಬತ್ತು ದಿನ ಅದು ನನ್ನ ಮೊಬೈಲ್‌ನಲ್ಲೇ ಇತ್ತು!

ಕವರ್ ಬಿಚ್ಚಿದೆ. ಬ್ಯಾಟರಿ ಹಪ್ಪಳದ ಹಾಗೆ ಉಬ್ಬಿ, ಮೇಲಿನ ಸ್ಟಿಕ್ಕರ್ ಸುಕ್ಕುಗಟ್ಟಿತ್ತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಂಡಿಯಲ್ಲಿ ಗುಮಾಸ್ತರು ಗಿರಾಕಿ ಹೇಳಿದ್ದನ್ನು ಚೀಟಿಯಲ್ಲಿ ಗೀಚಿಕೊಂಡು "ಆಯ್ತು ಹೋಗಿ" ಅಂತ ಕಳಿಸಿ, ಪುರುಸೊತ್ತಾದಾಗ ಕಿರ್ದಿಗೆ ಏರಿಸ್ತಾರಲ್ಲ, ಅದು ರೈಟ್ ಬ್ಯಾಕ್. ಚೀಟಿ ಅಂದರೆ ಕ್ಯಾಶ್. ಚೀಟಿ ಹಾರಿಹೋಗದ ಹಾಗೆ ಇಟ್ಟ ಕಲ್ಲು ಬ್ಯಾಟರಿ. ಕಲ್ಲಿಲ್ಲ ಅಂತ ಗೊತ್ತಾದ ಕೂಡಲೇ ಕಾರ್ಡ್ ಚೀಟಿ ಬರೆಯೋದನ್ನೇ ನಿಲ್ಲಿಸುತ್ತದೆ. ಪ್ರತಿ ಗಿರಾಕಿಯೂ ಕಿರ್ದಿ ಬರೆದು ಮುಗಿಯುವ ತನಕ ನಿಲ್ಲಬೇಕು, ಅದು ರೈಟ್‌ಥ್ರೂ. ರೇಡ್ 5ರಲ್ಲಂತೂ ಒಂದು ಸಣ್ಣ ಬರಹಕ್ಕೆ ನಾಲ್ಕು ಕೆಲಸ. ಹಳೇ ಡೇಟಾ ಓದು, ಹಳೇ ಪ್ಯಾರಿಟಿ (ಡಿಸ್ಕ್ ಹೋದರೆ ಡೇಟಾ ವಾಪಸ್ ತರೋಕೆ ಇಟ್ಟ ಲೆಕ್ಕ) ಓದು, ಹೊಸ ಡೇಟಾ ಬರೆ, ಹೊಸ ಪ್ಯಾರಿಟಿ ಬರೆ. ನಿಮಿಷಕ್ಕೆ 7,200 ಸುತ್ತು ಹೊಡೆಯೋ ಡಿಸ್ಕ್‌ಗೆ ಒಂದು ಸುತ್ತಿಗೇ 8 ಮಿಲಿಸೆಕೆಂಡ್ ಮೇಲೆ ಬೇಕು. 14 ಸಿಸ್ಟಂ ಒಟ್ಟಿಗೆ ಬರೆದರೆ ಏನಾಗಬೇಡ?

ಸೋಮವಾರ ಫೋನ್ ಹಚ್ಚಿ ಬೈದೆ. ಅವನು ಒಂದು ಚೂರೂ ಬಿಸಿಯಾಗಲಿಲ್ಲ. "ಬ್ಯಾಟರಿ ಕನ್‌ಸ್ಯೂಮಬಲ್ ಸರ್, ವಾರಂಟಿಗೆ ಬರಲ್ಲ. ಬ್ಯಾಟರಿ ಸಮೇತ ಅಂತ ಹೇಳಿದ್ವಿ, ಕೊಟ್ಟಿದ್ದೀವಿ. ಚೆನ್ನಾಗಿದೆ ಅಂತ ಯಾರ್ ಹೇಳಿದ್ರು?" ಅಂದ. ಈ ಮಾತು ಈಗಲೂ ರಾತ್ರಿ ನೆನಪಾಗುತ್ತದೆ. ಬ್ಯಾಟರಿ ಸಮೇತ ಅಂದರೆ ಉಬ್ಬಿದ ಬ್ಯಾಟರಿ ಸಮೇತ! ಆಮೇಲೆ ಸಮಾಧಾನ ಮಾಡೋ ಥರ, "ಆಲ್ವೇಸ್ ರೈಟ್ ಬ್ಯಾಕ್ ಅಂತ ಹಾಕ್ಬಿಡಿ ಸರ್. ಯುಪಿಎಸ್ ಇದೆಯಲ್ಲ, ಏನೂ ಆಗಲ್ಲ" ಅಂದ.

ಮತ್ತೆ ಹೇಳುತ್ತೇನೆ, ನಾಚಿಕೆ ಆಗುತ್ತಿದೆ. ಹಾಕಿದೆ. ಬ್ಯಾಟರಿ ಇಲ್ಲದಿದ್ದರೂ ರೈಟ್ ಬ್ಯಾಕ್ ನಡೆಸೋದು ಅದು, ಅಪಾಯ ಅಂತ ಗೊತ್ತಿದ್ದೂ ಹಾಕಿದೆ. ಬಿಲ್ ಕಣ್ಣು ಮಿಟುಕಿಸೋದರಲ್ಲಿ ಸೇವ್ ಆಗತೊಡಗಿತು. ಎಲ್ಲರೂ ಖುಷಿ. ಕೌಂಟರಿನ ಹುಡುಗಿ ನಕ್ಕಳು. ಆರು ದಿನ ನಾನು ಹೀರೋ.

ಏಳನೇ ದಿನ ಸಂಜೆ ಕರೆಂಟ್ ಹೋಯಿತು, ಯುಪಿಎಸ್ ಒಂದು ಸಲ ಕೀ ಅಂದು ಸತ್ತಿತು. ಸರ್ವರ್ ಮತ್ತೆ ಎದ್ದಾಗ ಪರದೆ ಮೇಲೆ ಇಂಗ್ಲಿಷಿನಲ್ಲಿ ಬಂದ ಮಾತಿನ ಅರ್ಥ ಇಷ್ಟು: ಕಾರ್ಡ್ ಸುಧಾರಿಸಿಕೊಂಡಿದೆ, ಆದರೆ ಕ್ಯಾಶ್‌ನಲ್ಲಿದ್ದ ಡೇಟಾ ಹೋಗಿದೆ, ಯಾವುದಾದರೂ ಕೀ ಒತ್ತಿ. ಒತ್ತಿದೆ, ಇನ್ನೇನು ಮಾಡಲಿ. ಡೇಟಾಬೇಸ್ ತೆರೆಯಲೇ ಇಲ್ಲ. ಹಿಂದಿನ ರಾತ್ರಿಯ ಬ್ಯಾಕಪ್ ಹಾಕಿ, ಅವತ್ತಿನ ಬಿಲ್ಲುಗಳನ್ನೆಲ್ಲ ಕಾರ್ಬನ್ ಕಾಪಿ ನೋಡಿಕೊಂಡು ಒಂದೊಂದೇ ಮತ್ತೆ ಹೊಡೆದೆವು. ರಾತ್ರಿ ಹನ್ನೊಂದೂವರೆ. ಸಾವ್ಕಾರ್ರು ಮಿರ್ಚಿ ಮಂಡಕ್ಕಿ ತರಿಸಿಕೊಟ್ಟರು, ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವನಿಗೆ ಹೇಳಿದರೆ ಉತ್ತರ: "ಯುಪಿಎಸ್ ನಿಮ್ದಲ್ವಾ ಸರ್?"

ಕೊನೆಗೆ ಬೇರೆ ಕಡೆಯಿಂದ 4,200 ಕೊಟ್ಟು ಹೊಸ ಬ್ಯಾಟರಿ ತರಿಸಿದೆ. "ಆಲ್ವೇಸ್" ತೆಗೆದುಹಾಕಿದೆ. ಬ್ಯಾಟರಿ ಚಾರ್ಜ್ ಆದ ಮೇಲೆ ಕೆಳಗಿನ ಸಾಲು ತಾನೇ ರೈಟ್‌ಬ್ಯಾಕ್ ಆಯಿತು. 22 ಇದ್ದದ್ದು 190. ಇಷ್ಟೇ ಇತ್ತು ವಿಷಯ. ಇಷ್ಟಕ್ಕೆ 26 ದಿನ.

ತಗೊಳ್ಳೋರು ಫೋಟೋ ನಂಬಬೇಡಿ, ವಿಡಿಯೋ ಕಾಲ್‌ನಲ್ಲಿ ನಿಮ್ಮ ಕಣ್ಣೆದುರೇ ಕಮಾಂಡ್ ಹೊಡೆಸಿ. "ಕರೆಂಟ್" ಸಾಲು ಓದಿ. ಬ್ಯಾಟರಿ ಸ್ಟೇಟಸ್ ಬೇರೆಯಾಗಿ ಕೇಳಿ. ಬಿಲ್ಲಿನಲ್ಲಿ "ಕೆಲಸ ಮಾಡುವ ಬ್ಯಾಟರಿ" ಅಂತ ಬರೆಸಿ, ಬರೀ ಬ್ಯಾಟರಿ ಅಂತ ಅಲ್ಲ. ಲರ್ನ್ ಸೈಕಲ್ ಅಂತ ಯಾರಾದರೂ ಅಂದರೆ ಒಂದು ದಿನ ಕಾಯಿರಿ, ನನ್ನ ಹಾಗೆ ನಾಲ್ಕು ದಿನ ಕೂರಬೇಡಿ. ಬ್ಯಾಟರಿ ಸತ್ತಿರೋವಾಗ ಆಲ್ವೇಸ್ ರೈಟ್ ಬ್ಯಾಕ್ ಹಾಕಿ ಅನ್ನೋನ ಹತ್ತಿರ ಇನ್ನೇನೂ ಕೊಳ್ಳಬೇಡಿ.

ನಿನ್ನೆ ಅವನದೇ ಮೆಸೇಜ್ ಬಂತು. ಎಲ್ಲರಿಗೂ ಒಟ್ಟಿಗೆ ಕಳಿಸಿದ್ದಿರಬೇಕು. "ಹೊಸ ಸ್ಟಾಕ್ ಬಂದಿದೆ ಸರ್, ಬ್ಯಾಟರಿ ಸಮೇತ." ಜೊತೆಗೊಂದು ಫೋಟೋ. ಅದೇ ಪರದೆ, ಅದೇ ಸಾಲು, ಅದೇ ಹೆಬ್ಬೆರಳು.