ಹಳೆ ಮನೆಯ ಜಗಲಿಗೆ ಗಾಲಿಕುರ್ಚಿ: ಸಿಮೆಂಟಾ, ಅಲ್ಯೂಮಿನಿಯಮ್ಮಾ, ಕೆಂಪುಕಲ್ಲಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೆಂಪುಕಲ್ಲಿಗೆ. ಸಿಮೆಂಟು ಹಾಕದೆ, ಮನೆಗೆ ತಾಗಿಸದೆ, ಅಂಗಳದ ಬದಿಯಲ್ಲಿ ಜೋಡಿಸಿದ ಕೆಂಪುಕಲ್ಲಿನ ಇಳಿಜಾರಿಗೆ. ಅಲ್ಯೂಮಿನಿಯಂ ರ‍್ಯಾಂಪನ್ನು ದುಡ್ಡು ಕೊಟ್ಟು ತಂದು ಬಳಸಿದ್ದೇವೆ. ಸಿಮೆಂಟಿನದ್ದನ್ನು ಅಕ್ಕನ ಗಂಡನ ಮನೆಯಲ್ಲಿ ಎರಡು ಮಳೆಗಾಲ ನೋಡಿದ್ದೇವೆ. ಹಾಗಾಗಿ ಸುಮ್ನೆ ಹೇಳುತ್ತಿರುವ ಮಾತಲ್ಲ.

ನಮ್ಮದು ಉಡುಪಿ ಹತ್ತಿರದ ಬ್ರಹ್ಮಾವರದಿಂದ ಒಳಗೆ ಹೋದರೆ ಸಿಗುವ ಹಳ್ಳಿ ಮನೆ. ದಪ್ಪ ಮಣ್ಣಿನ ಗೋಡೆ, ಸುಣ್ಣದ ಗಾರೆ, ಮಂಗಳೂರು ಹಂಚಿನ ಮಾಡು, ಎದುರಿಗೆ 8 ಅಡಿ ಅಗಲದ ಜಗಲಿ, ಆಮೇಲೆ ಚಾವಡಿ, ಅಂದರೆ ಒಳಗಿನ ಪಡಸಾಲೆ. ಅಮ್ಮನ ಸೊಂಟದ ಮೂಳೆ ಮುರಿದ ಮೇಲೆ ಅವರದ್ದೆಲ್ಲ ಗಾಲಿಕುರ್ಚಿಯಲ್ಲೇ ಓಡಾಟ. ಉಡುಪಿಯ ಫ್ಲ್ಯಾಟಿಗೆ ಬನ್ನಿ ಅಂದರೆ ಬರುವವರಲ್ಲ. ಸಂಜೆ ಜಗಲಿಯಲ್ಲಿ ಕೂತು ದಾರಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸಬೇಕು. ಹಾಗಾದರೆ ಮನೆಯೇ ಸ್ವಲ್ಪ ಬಗ್ಗಬೇಕು ಅಲ್ವಾ? ಆದರೆ ಮುರಿಯಬಾರದು. ಅಣ್ಣತಮ್ಮಂದಿರ ಪಾಲೂ ಇರುವ ಮನೆ ಅದು, ನಾನೊಬ್ಬನೇ ಏನೂ ಮಾಡುವಂತಿಲ್ಲ.

ಅಂಗಳದಿಂದ ಜಗಲಿಗೆ ಮೂರು ಮೆಟ್ಟಿಲು, ಒಟ್ಟು ಒಂದೂವರೆ ಅಡಿ. ಕೇಂದ್ರ ಸರ್ಕಾರದ 2021ರ ಸುಗಮ್ಯತೆಯ ಮಾರ್ಗಸೂಚಿಯಲ್ಲಿ ರ‍್ಯಾಂಪಿಗೆ 1:12ರ ಲೆಕ್ಕ ಇದೆ. ಅಂದರೆ ಒಂದಡಿ ಏರಲು 12 ಅಡಿ ಉದ್ದ. ನಮಗೆ 18 ಅಡಿ ಬೇಕು. ಸಾರ್ವಜನಿಕ ಕಟ್ಟಡಗಳಿಗಾಗಿ ಬರೆದದ್ದು, ಸ್ವಂತ ಮನೆಗೆ ಯಾರೂ ಬಂದು ಟೇಪು ಹಿಡಿಯುವುದಿಲ್ಲ. ಆದರೂ ಆ ಲೆಕ್ಕ ಯಾಕೆ ಬಂತು ಅಂತ ನಮ್ಮ ತೋಳಿಗೆ ಬೇಗ ಗೊತ್ತಾಯಿತು.

ಅಲ್ಯೂಮಿನಿಯಂ ರ‍್ಯಾಂಪ್ ತಂದದ್ದು ಮಡಚಿ ಇಡಬಹುದು ಎಂಬ ಕಾರಣಕ್ಕೆ. 6 ಅಡಿ ಉದ್ದ, ಸಾಗಾಟ ಸೇರಿ ₹25,000ದ ಹತ್ತಿರ ಆಯಿತು. ಮನೆಗೆ ಒಂದು ಮೊಳೆಯೂ ಹೊಡೆಯಬೇಕಾಗಿಲ್ಲ, ಬೇಡ ಅಂದಾಗ ತೆಗೆದಿಡಬಹುದು. ಎಲ್ಲ ಸರಿ. ಆದರೆ 6 ಅಡಿಯಲ್ಲಿ ಒಂದೂವರೆ ಅಡಿ ಏರಿದರೆ ಅದು 1:4. ಅಮ್ಮ ಮತ್ತು ಕುರ್ಚಿ ಸೇರಿ 75 ಕಿಲೋ. 1:4ರಲ್ಲಿ ಹಿಂದಿನಿಂದ ತಳ್ಳುವಾಗ ಕೈಗೆ ಬರುವ ಭಾರ ಸುಮಾರು 18 ಕಿಲೋ. 1:12ರಲ್ಲಾದರೆ 6 ಕಿಲೋ ಅಷ್ಟೆ. ಹತ್ತಿಸುವುದು ಹೇಗೋ ಆಗುತ್ತದೆ. ಇಳಿಸುವಾಗ ಅಮ್ಮ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನನ್ನ ಹೆಂಡತಿ ಒಬ್ಬಳೇ ಇರುವಾಗ ಅದನ್ನು ಮುಟ್ಟುವ ಹಾಗೇ ಇರಲಿಲ್ಲ. ಉದ್ದದ್ದು ತಗೊಂಡರೆ ಭಾರ ಜಾಸ್ತಿ, ಬೆಲೆಯೂ ಜಾಸ್ತಿ. ದಿನಾ ಬಿಡಿಸಿ ಮಡಚುವವರು ಯಾರು?

ಅಕ್ಕನ ಗಂಡನ ಮನೆಯಲ್ಲಿ ಸಿಮೆಂಟಿನ ರ‍್ಯಾಂಪ್ ಮಾಡಿಸಿದ್ದರು. ಅಕ್ಕನ ಮಾವನಿಗಾಗಿ. ನೋಡಲು ಗಟ್ಟಿಮುಟ್ಟು, ಇಳಿಜಾರೂ ಸರಿ ಇತ್ತು. ಜಗಲಿಯ ಗೋಡೆಗೆ ಅಂಟಿಸಿಯೇ ಕಟ್ಟಿದ್ದರು. ತೊಂದರೆ ಬಂದದ್ದು ಮಳೆಯಲ್ಲಿ. ನಮ್ಮ ಕಡೆ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ. ಮಣ್ಣಿನ ಗೋಡೆ, ಸುಣ್ಣದ ಗಾರೆ ನೀರು ಕುಡಿಯುತ್ತವೆ, ಬಿಸಿಲು ಬಂದಾಗ ಅದೇ ನೀರನ್ನು ಬಿಡುತ್ತವೆ. ಸಿಮೆಂಟು ಆ ಬಿಡುವ ದಾರಿಯನ್ನೇ ಮುಚ್ಚುತ್ತದೆ. ಒಳಗಿನ ತೇವ ಮೇಲಕ್ಕೆ ಹತ್ತಿ ಗಾರೆ ಹಪ್ಪಳದಂತೆ ಏಳತೊಡಗಿತು. ಅದಕ್ಕಿಂತ ಕೆಟ್ಟದ್ದು ಗೆದ್ದಲು. ರ‍್ಯಾಂಪಿನ ಒಳಗೆ ತುಂಬಿದ ಮಣ್ಣಿನಿಂದ ಯಾರ ಕಣ್ಣಿಗೂ ಬೀಳದೆ ಹತ್ತಿ ಜಗಲಿಯ ಕಂಬದ ಬುಡ ತಿಂದಿತ್ತು. ಹಲಸಿನ ಮರದ ಕಂಬ, ಮಾರಾಯ್ರೆ! ಈಗ ಅಂಥದ್ದು ಎಲ್ಲಿ ಸಿಗುತ್ತದೆ? ರ‍್ಯಾಂಪ್ ಒಡೆಯೋಣ ಅಂದರೆ ಜಗಲಿಯ ಅಂಚೂ ಜೊತೆಗೇ ಬರುತ್ತದೆ.

ಮರದ ಹಲಗೆಯ ರ‍್ಯಾಂಪ್: ಬೇಸಿಗೆಗೆ ಚಂದ, ಜೂನ್ ಬಂದರೆ ಜಾರುಬಂಡೆ.

ಲಿಫ್ಟ್ ಬಗ್ಗೆಯೂ ಕೇಳಿ ನೋಡಿದೆವು. ಲಕ್ಷಗಳ ಮಾತು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಇರುವುದೇ ಅತಿಥಿಯ ಹಾಗೆ.

ಇನ್ನು ನಮ್ಮ ಕೆಂಪುಕಲ್ಲು. ಹಿಂದಿನ ದನದ ಹಟ್ಟಿ ಬಿದ್ದು ಕಲ್ಲುಗಳು ರಾಶಿಯಾಗಿ ಕೂತಿದ್ದವು. ಅದನ್ನೇ ಬಳಸಿದೆವು. ಎದುರಿನ ಮೆಟ್ಟಿಲು ಮುಟ್ಟಲಿಲ್ಲ. ಜಗಲಿಯ ತುದಿಗೆ, ಅಂಗಳದ ಬದಿಯಿಂದ ಉದ್ದಕ್ಕೆ 18 ಅಡಿ ಇಳಿಜಾರು. ಜಗಲಿಯ ಗೋಡೆಗೂ ಇದಕ್ಕೂ ನಡುವೆ ಮೂರು ಇಂಚು ಸಂದು ಬಿಟ್ಟಿದ್ದೇವೆ. ನೀರು ಹರಿದುಹೋಗುತ್ತದೆ, ಗೆದ್ದಲು ಹತ್ತಿದರೆ ಕಾಣುತ್ತದೆ, ಗೋಡೆ ಒಣಗುತ್ತದೆ. ಕುರ್ಚಿ ದಾಟುವ ಕಡೆ ಮಾತ್ರ ಸಂದಿನ ಮೇಲೊಂದು ಚಪ್ಪಡಿ. ನಾಳೆ ಯಾರಿಗಾದರೂ ಬೇಡ ಅನಿಸಿದರೆ ಕಲ್ಲು ಎತ್ತಿ ಪಕ್ಕಕ್ಕಿಟ್ಟರೆ ಮುಗಿಯಿತು, ಮನೆ ಮೊದಲು ಹೇಗಿತ್ತೋ ಹಾಗೇ ಇರುತ್ತದೆ. ಅಣ್ಣಂದಿರು ಒಪ್ಪಿದ್ದೂ ಇದೇ ಮಾತಿಗೆ.

ಮೇಲೆ ಬರೀ ಕೆಂಪುಕಲ್ಲು ಬಿಟ್ಟರೆ ಆಗುವುದಿಲ್ಲ. ಅದರ ತೂತುಗಳಲ್ಲಿ ಕುರ್ಚಿಯ ಮುಂದಿನ ಸಣ್ಣ ಚಕ್ರ ಸಿಕ್ಕಿಕೊಳ್ಳುತ್ತದೆ, ಅಂಚು ಪುಡಿಯಾಗುತ್ತದೆ. ಅದಕ್ಕೇ ಮೇಲೆ ಶಿಲೆಕಲ್ಲಿನ ಚಪ್ಪಡಿ, ಅಡ್ಡಕ್ಕೆ ಉಳಿಯ ಗೆರೆ ಹೊಡೆಸಿದ್ದು. ಖರ್ಚಾದದ್ದು ಈ ಚಪ್ಪಡಿಗೆ ಮತ್ತು ಕೆಲಸದವರ ಸಂಬಳಕ್ಕೆ. ಅಲ್ಯೂಮಿನಿಯಂ ರ‍್ಯಾಂಪಿನ ಬೆಲೆಗಿಂತ ಸ್ವಲ್ಪ ಜಾಸ್ತಿಯೇ ಆಯಿತು. ಕಲ್ಲನ್ನೂ ಕೊಂಡು ತರಬೇಕಾದವರಿಗೆ ಇನ್ನೂ ಮೇಲೆ ಹೋಗುತ್ತದೆ. ಮಾಡಿನ ನೀರು ನೇರ ಚಪ್ಪಡಿ ಮೇಲೆ ಬೀಳುತ್ತಿತ್ತು. ಹಿಂದಿನವರಾದರೆ ಅಡಿಕೆ ಮರದ ದಂಬೆ ಕಟ್ಟುತ್ತಿದ್ದರು, ನಾವು ಪಿವಿಸಿ ಪೈಪ್ ಸೀಳಿ ಕಟ್ಟಿದೆವು. ಪಾಚಿ ಮಾತ್ರ ಬಿಡುವುದಿಲ್ಲ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಲೇಬೇಕು. ಆಗದವರು ಇದನ್ನು ಮಾಡಿಸಬೇಡಿ.

ಇಷ್ಟೆಲ್ಲ ಆಗಿ ಜಗಲಿಗೆ ಬಂದರೆ ಎದುರಿಗೆ ಹೊಸ್ತಿಲು. ನಿಜವಾದ ತಲೆನೋವು ಅಲ್ಲಿಂದ ಶುರು.

ಚಾವಡಿಯ ಬಾಗಿಲಿನ ಹೊಸ್ತಿಲು 5 ಇಂಚು ಎತ್ತರ. ಕೊಯ್ದು ತೆಗೆದರೆ ಆಯಿತಲ್ಲ ಅಂತ ಸಲಹೆ ಕೊಟ್ಟವರಿಗೆ ಲೆಕ್ಕವಿಲ್ಲ. ಅಮ್ಮನಿಗೆ ಹೇಳಿದರೆ ಕುರ್ಚಿಯನ್ನೇ ಹೊರಗೆ ಎಸೆಯುತ್ತಾರೆ. ಆಟಿ ಕಳೆದು ಸೋಣ ತಿಂಗಳು ಬಂದರೆ ಹೊಸ್ತಿಲಿಗೆ ಪೂಜೆ ಆಗಬೇಕಲ್ಲ. ಅದು ಬಿಡಿ, ಮರಗೆಲಸದ ಆಚಾರಿ ಬಂದು ನೋಡಿ ಬೇರೆಯೇ ಕಾರಣ ಹೇಳಿದರು. ಹಳೆ ಬಾಗಿಲಿಗೆ ಕಬ್ಬಿಣದ ಹಿಂಜ್ ಇಲ್ಲ. ಬಾಗಿಲಿನ ಮೂಲೆಯಲ್ಲೇ ಮರದ ಗೂಟ ಇರುತ್ತದೆ. ಕೆಳಗಿನ ಗೂಟ ಕೂರುವುದು ಹೊಸ್ತಿಲಿನ ಕುಳಿಯಲ್ಲಿ. ಬಾಗಿಲಿನ ಭಾರ ಪೂರ್ತಿ ಅಲ್ಲೇ. ಹೊಸ್ತಿಲು ಕೊಯ್ದರೆ ಬಾಗಿಲು ನಿಲ್ಲುವುದಿಲ್ಲ, ದಾರಂದದ, ಅಂದರೆ ಬಾಗಿಲ ಚೌಕಟ್ಟಿನ, ಎರಡೂ ಕಾಲು ಸಡಿಲವಾಗುತ್ತವೆ.

ಸರಿ, ಎರಡೂ ಬದಿಗೆ ಮರದ ಓರೆ ಹಲಗೆ ಇಡೋಣ ಅಂದೆವು. ಹೊರಗಿನದು ಸುಲಭ. ಎರಡೂವರೆ ಅಡಿ ಉದ್ದ ಮಾಡಿದೆವು, 1:6 ಆಯಿತು. 5 ಇಂಚು ಏರುವುದಕ್ಕೆ ತಳ್ಳುವವರು ಇದ್ದರೆ ಸಾಕು. ಅದನ್ನು ಬಿಟ್ಟು ಉಳಿದ ಐದೂವರೆ ಅಡಿ ಜಗಲಿಯಲ್ಲಿ ಕುರ್ಚಿ ತಿರುಗುತ್ತದೆ. ಒಳಗಿನದೇ ಕಾಟ. ಬಾಗಿಲು ತೆರೆಯುವುದು ಒಳಕ್ಕೆ! ಹಲಗೆ ಇಟ್ಟರೆ ಬಾಗಿಲು ಹಾಕಲು ಬರುವುದಿಲ್ಲ, ಬಾಗಿಲು ಹಾಕಬೇಕಾದರೆ ಹಲಗೆ ತೆಗೆಯಬೇಕು. ಮೊದಲು ಮಾಡಿಸಿದ್ದು ಒಂದೇ ತುಂಡು, ಹೆಬ್ಬಲಸು. ಗಟ್ಟಿ ಹೌದು, ಎತ್ತುವವರ ಸೊಂಟವೂ ಹೋಗುವಷ್ಟು ಭಾರ. ರಾತ್ರಿ ತೆಗೆದಿಡಲು ಎಲ್ಲರಿಗೂ ಉದಾಸೀನ. ಬಾಗಿಲು ಓರೆಯಾಗೇ ಇರುತ್ತಿತ್ತು, ಬೆಕ್ಕಿಗೆ ಮಾತ್ರ ಖುಷಿ. ಆಮೇಲೆ ಆಚಾರಿ ಅದನ್ನೇ ಎರಡು ಭಾಗ ಮಾಡಿ ಕೆಳಗೆ ಟೊಳ್ಳು ಮಾಡಿದರು. ಪ್ರತಿಯೊಂದಕ್ಕೂ ಹಗ್ಗದ ಹಿಡಿ. ಈಗ ಒಂದೊಂದು ಕೈಯಲ್ಲಿ ಒಂದೊಂದು ಎತ್ತಿ ಗೋಡೆಗೆ ಒರಗಿಸುತ್ತೇವೆ. ಎರಡು ತುಂಡು ಬೇರೆಯಾಗದಂತೆ ಅಡಿಯಲ್ಲಿ ರಬ್ಬರ್ ಶೀಟ್.

ಇನ್ನೊಂದು ಅಗಲದ್ದು. ದಾರಂದದ ಒಳಗೆ 28 ಇಂಚು. ಗೋಡೆ ದಪ್ಪ, ಹಾಗಾಗಿ ಬಾಗಿಲು ಪೂರ್ತಿ ಹಿಂದಕ್ಕೆ ಹೋಗುವುದಿಲ್ಲ, ಎರಡೂ ಕದದ ದಪ್ಪ ಕಳೆದರೆ ಸಿಗುವುದು 25ರ ಹತ್ತಿರ. ನಮ್ಮ ಕುರ್ಚಿ 25. ಅಮ್ಮನ ಬೆರಳ ಗಂಟುಗಳ ಚರ್ಮ ಕಿತ್ತುಹೋಗಿತ್ತು. ದಾರಂದ ಬದಲಿಸಿ ಅಂತ ಇಬ್ಬರು ಗುತ್ತಿಗೆದಾರರು ಹೇಳಿದರು. ನಾವು ಕುರ್ಚಿಯನ್ನೇ ಬದಲಿಸಿದೆವು. ಹಿಂದೆಯೂ ಸಣ್ಣ ಚಕ್ರ ಇರುವ, ಬೇರೆಯವರೇ ತಳ್ಳುವ ಕುರ್ಚಿ 22 ಇಂಚಿಗೆ ಸಿಗುತ್ತದೆ, ಕೈಯಲ್ಲಿ ತಿರುಗಿಸುವ ಬಳೆ ಇರುವುದಿಲ್ಲ. ತಾನೇ ಓಡಿಸಬಲ್ಲವರಿಗೆ ಇದು ಶಿಕ್ಷೆ. ಅಮ್ಮನಿಗೆ ಹೇಗೂ ತಳ್ಳುವವರು ಬೇಕು. ಬಾಗಿಲು ಗಿಡ್ಡ, ನಾವೆಲ್ಲ ಬಗ್ಗಿ ಹೋಗಬೇಕು. ತಲೆ ತಗ್ಗಿಸದೆ ಚಾವಡಿಗೆ ಹೋಗುವವರು ಈಗ ಅಮ್ಮ ಒಬ್ಬರೇ, ಅದನ್ನು ಬಂದವರಿಗೆಲ್ಲ ಹೇಳುತ್ತಾರೆ.

ಬಚ್ಚಲು ಹೊಸದಾಗಿ ಕಟ್ಟಿದ್ದು, ಅಲ್ಲಿ ಕಂಬಿ ಹಾಕಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಅಂಗಳ ಇಲ್ಲದ ಪೇಟೆ ಮನೆಗೆ ನನ್ನ ಕಲ್ಲು ಆಗುವುದಿಲ್ಲ, 18 ಅಡಿ ಎಲ್ಲಿಂದ ತರುತ್ತೀರಿ? ಒಂದೇ ಮೆಟ್ಟಿಲು, ಆರು ಇಂಚಿನೊಳಗೆ ಇದ್ದರೆ ಅಲ್ಯೂಮಿನಿಯಮ್ಮೇ ಸಾಕು. ನಮ್ಮದೂ ಮೂಲೆಗೆ ಬಿದ್ದಿಲ್ಲ, ಕಾರಿನ ಡಿಕ್ಕಿಯಲ್ಲಿದೆ. ಮದುವೆ ಹಾಲ್‌ಗಳಿಗೆ ಹೋಗುವಾಗ ಬೇಕಾಗುತ್ತದೆ. ಮಣ್ಣಿನ ಗೋಡೆಗೆ ಸಿಮೆಂಟು ಅಂಟಿಸಬೇಡಿ, ಕಾಂಕ್ರೀಟ್ ಮನೆಯಾದರೆ ಧಾರಾಳ ಮಾಡಿಸಿ. ಯಾವುದನ್ನೇ ಆರಿಸಿ, ಕೊಳ್ಳುವ ಮೊದಲು ಮೆಟ್ಟಿಲಿನ ಎತ್ತರದ ಜೊತೆ ಹೊಸ್ತಿಲನ್ನೂ ಅಳೆಯಿರಿ, ಬಾಗಿಲು ಯಾವ ಕಡೆ ತೆರೆಯುತ್ತದೆ ಅಂತಲೂ ನೋಡಿ.