ಗೂಗಲ್ ಅರ್ತ್ ವಿಮರ್ಶೆ: ಮಕ್ಕಳ ‘ದೇಶ ಪರಿಚಯ’ ಪ್ರಾಜೆಕ್ಟ್‌ಗೆ ಎಷ್ಟರ ಮಟ್ಟಿಗೆ ಒದಗುತ್ತದೆ?

ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಒಂದು ವಿದೇಶವನ್ನು ಪರಿಚಯಿಸಿ ಎಂದು ಪ್ರಾಜೆಕ್ಟ್ ಕೊಟ್ಟರೆ ಹೆಚ್ಚಾಗಿ ಬರುವುದು ಒಂದೇ ಅಚ್ಚಿನ ಸ್ಲೈಡ್‌ಗಳು: ಧ್ವಜ, ರಾಜಧಾನಿ, ಜನಸಂಖ್ಯೆ, ಕರೆನ್ಸಿ, ಊಟ, ಕೊನೆಗೊಂದು ‘ಥ್ಯಾಂಕ್ ಯೂ’. ದೇಶದ ಹೆಸರು ಅಳಿಸಿ ಬೇರೊಂದರ ಹೆಸರು ಬರೆದರೂ ಯಾರಿಗೂ ವ್ಯತ್ಯಾಸ ತಿಳಿಯದು. ಉಪಗ್ರಹ ಚಿತ್ರಗಳ ಭೂಗೋಳವಾದ ಗೂಗಲ್ ಅರ್ತ್‌ನ ವೆಬ್ ಆವೃತ್ತಿಯಲ್ಲಿ, ಸ್ಥಳಗಳನ್ನು ಸಾಲಾಗಿ ಜೋಡಿಸಿ ತೋರಿಸಲು 2019ರಿಂದ ಇರುವ ಪ್ರಾಜೆಕ್ಟ್ ಸೌಲಭ್ಯ ಈ ಚಾಳಿಯನ್ನು ಬಿಡಿಸಬಲ್ಲದು. ಆದರೆ ಬರೀ ಅರ್ತ್ ತೆರೆದು ಕೂತ ಮಾತ್ರಕ್ಕೆ ಅದು ಆಗುವುದಿಲ್ಲ. ‘ಎಲ್ಲಿ’ ಮತ್ತು ‘ಏನು ಬದಲಾಯಿತು’ ಎನ್ನುವ ಪ್ರಶ್ನೆಗಳಿಗೆ ಇದು ಅತ್ಯುತ್ತಮ. ‘ಎಷ್ಟು’ ಎನ್ನುವುದಕ್ಕೆ ಸುಮಾರು. ‘ಏಕೆ’ ಎನ್ನುವುದಕ್ಕೆ ಇದರಲ್ಲಿ ಉತ್ತರವೇ ಇಲ್ಲ. ಉದಾಹರಣೆಗೆ ದಕ್ಷಿಣ ಅಮೆರಿಕದ ಬೊಲಿವಿಯಾವನ್ನು ಇಟ್ಟುಕೊಂಡು ನೋಡೋಣ. ಎತ್ತರ, ಉಪ್ಪು, ಕಾಡು, ಬತ್ತಿದ ಕೆರೆ ಎಲ್ಲ ಒಂದೇ ದೇಶದಲ್ಲಿ ಸಿಗುವುದರಿಂದ ಅರ್ತ್‌ನ ಬಲವೂ ದೌರ್ಬಲ್ಯವೂ ಬೇಗ ಹೊರಬೀಳುತ್ತವೆ.

ಮೊದಲು ಲಾಗಿನ್ ವಿಷಯ, ಏಕೆಂದರೆ ಹೆಚ್ಚಿನ ತರಗತಿಗಳು ಎಡವುವುದು ಇಲ್ಲೇ. ಶಾಲೆಯ ಗೂಗಲ್ ಖಾತೆಗಳಲ್ಲಿ ಡಾಕ್ಸ್, ಸ್ಲೈಡ್ಸ್ ಇದ್ದ ಹಾಗೆ ಅರ್ತ್ ಮೂಲ ಸೇವೆಯಲ್ಲ, ಹೆಚ್ಚುವರಿ ಸೇವೆ. ಶಾಲೆಯ ಅಡ್ಮಿನ್ ಅದನ್ನು ಪ್ರತ್ಯೇಕವಾಗಿ ಆನ್ ಮಾಡಿರಬೇಕು. ಮಾಡದಿದ್ದರೆ ಮಕ್ಕಳಿಗೆ ಕಾಣುವುದು ‘ಪ್ರವೇಶವಿಲ್ಲ’ ಎನ್ನುವ ಪುಟ. ಶಿಕ್ಷಕರ ಖಾತೆಯಲ್ಲಿ ಚೆನ್ನಾಗಿ ತೆರೆದುಕೊಂಡಿತೆಂದು ನಂಬಿ ಕೂರಬೇಡಿ. ವಿದ್ಯಾರ್ಥಿಯ ಖಾತೆಯಲ್ಲೇ ಒಮ್ಮೆ ತೆರೆದು ನೋಡಿ. ವೈಯಕ್ತಿಕ ಖಾತೆಗೆ ಹಲವು ದೇಶಗಳಲ್ಲಿ ಕನಿಷ್ಠ ವಯಸ್ಸು 13. ಆರನೇ ತರಗತಿಯ ಬಹುಪಾಲು ಮಕ್ಕಳು ಅದಕ್ಕಿಂತ ಚಿಕ್ಕವರಾದ್ದರಿಂದ ‘ಮನೆಯ ಖಾತೆಯಿಂದ ಮಾಡಿಕೊಂಡು ಬನ್ನಿ’ ಎಂದು ಹೇಳುವ ಹಾಗಿಲ್ಲ.

ಯಂತ್ರದ ಮಟ್ಟಿಗೆ ಹೇಳುವುದಾದರೆ, ಅಗ್ಗದ ಲ್ಯಾಪ್‌ಟಾಪ್‌ನಲ್ಲೂ ಅರ್ತ್ ತೆರೆಯುತ್ತದೆ, ಆದರೆ ತೆವಳುತ್ತದೆ. ಕಟ್ಟಡಗಳ ತ್ರೀಡಿ ಆಯ್ಕೆಯನ್ನು ಆಫ್ ಮಾಡಿ, ಬೇರೆ ಟ್ಯಾಬ್‌ಗಳನ್ನು ಮುಚ್ಚಿದರೆ ಸಹಿಸಬಹುದಾದ ವೇಗ ಬರುತ್ತದೆ. ಮೂವತ್ತು ಮಕ್ಕಳು ಒಂದೇ ವೈ-ಫೈನಲ್ಲಿ ಏಕಕಾಲಕ್ಕೆ ಜೂಮ್ ಮಾಡಿದರೆ ಮಾತ್ರ ಎಲ್ಲರ ಪರದೆಯೂ ಮಸುಕು. ಗುಂಪಿಗೊಂದು ಯಂತ್ರ ಸಾಕು.

ಪ್ರಾಜೆಕ್ಟ್ ಕಟ್ಟುವ ಕೆಲಸ ಸರಳ. ಹೊಸ ಪ್ರಾಜೆಕ್ಟ್ ತೆರೆದು, ಸ್ಥಳ ಹುಡುಕಿ, ಪ್ಲೇಸ್‌ಮಾರ್ಕ್ (ಜಾಗ ಗುರುತಿಸುವ ಪಿನ್) ಹಾಕಿ, ಶೀರ್ಷಿಕೆ, ವಿವರಣೆ, ಚಿತ್ರ ಸೇರಿಸಿದರೆ ಒಂದು ನಿಲ್ದಾಣ ಆಯಿತು. ಬಟನ್‌ಗಳ ಜಾಗವನ್ನು ಗೂಗಲ್ ಆಗಾಗ ಅದಲುಬದಲು ಮಾಡುತ್ತಿರುತ್ತದೆ, ಹಾಗಾಗಿ ಹಳೆಯ ಯೂಟ್ಯೂಬ್ ಪಾಠಗಳನ್ನು ನೆಚ್ಚಬೇಡಿ. ಮಕ್ಕಳು ತಪ್ಪದೆ ಮರೆಯುವ ಹಂತ ಒಂದಿದೆ: ಪಿನ್ ಚುಚ್ಚಿದ ಮೇಲೆ, ಆ ಜಾಗವನ್ನು ಯಾವ ಎತ್ತರದಿಂದ, ಯಾವ ಕೋನದಿಂದ ತೋರಿಸಬೇಕೋ ಹಾಗೆ ಕ್ಯಾಮೆರಾ ತಿರುಗಿಸಿ ‘ಕ್ಯಾಪ್ಚರ್ ದಿಸ್ ವ್ಯೂ’ ಒತ್ತಬೇಕು. ಒತ್ತದಿದ್ದರೆ ಪ್ರೆಸೆಂಟ್ ಮಾಡುವಾಗ ಅರ್ತ್ ತನಗೆ ತೋಚಿದ ಎತ್ತರಕ್ಕೆ ಹಾರುತ್ತದೆ. ಲಾ ಪಾಸ್ ನಗರ ಒಂದು ಕಣಿವೆಯೊಳಗೆ ಇಳಿಬಿದ್ದಿರುವುದನ್ನು ತೋರಿಸಬೇಕೆಂದಿರುತ್ತೀರಿ; ನೇರ ಮೇಲಿನಿಂದ ನೋಡಿದರೆ ಅದು ಸಮತಟ್ಟಾದ ಕಂದು ಕಲೆಯಷ್ಟೇ. ಅದೇ ನೋಟವನ್ನು ಓರೆಯಾಗಿ ವಾಲಿಸಿ, ಹಿನ್ನೆಲೆಗೆ ಇಯಿಮಾನಿ ಪರ್ವತ ಬರುವ ಹಾಗೆ ಹಿಡಿದರೆ ನಗರವೇಕೆ ಅಷ್ಟು ಕಡಿದಾಗಿದೆ ಎಂದು ವಿವರಿಸುವ ಅಗತ್ಯವೇ ಬೀಳದು. ಪರದೆಯ ಕೆಳಮೂಲೆಯಲ್ಲಿ ಎತ್ತರದ ಅಂಕಿ ಓಡುತ್ತಿರುತ್ತದೆ. ಕರ್ಸರನ್ನು ಲಾ ಪಾಸ್‌ನ ಮಧ್ಯಭಾಗದಿಂದ ಅಂಚಿನ ಎಲ್ ಆಲ್ಟೊಗೆ ಸರಿಸಿದರೆ ಸುಮಾರು 3,600 ಮೀಟರ್‌ನಿಂದ 4,000ದ ಮೇಲಕ್ಕೆ ಏರುವುದನ್ನು ಮಕ್ಕಳು ತಾವೇ ಓದಬಹುದು. ಈ ಎರಡು ನಗರಗಳ ನಡುವೆ 2014ರಲ್ಲಿ ಕೇಬಲ್ ಕಾರ್ ಬಂದದ್ದೇಕೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಬೇಡ.

ಎತ್ತರದ ವಿಷಯದಲ್ಲಿ ಗೂಗಲ್ ಅರ್ತ್ ಪ್ರೊ ಎನ್ನುವ ಇನ್ನೊಂದು ಆವೃತ್ತಿಯೂ ಚೆನ್ನಾಗಿ ಒದಗುತ್ತದೆ. 2015ರಿಂದ ಇದೂ ಉಚಿತ, ಆದರೆ ಕಂಪ್ಯೂಟರ್‌ಗೆ ಇನ್‌ಸ್ಟಾಲ್ ಮಾಡಬೇಕು. ಕ್ರೋಮ್‌ಬುಕ್ ಇರುವ ಶಾಲೆಗಳಿಗೆ ಆ ಭಾಗ್ಯವಿಲ್ಲ. ಪ್ರೊದಲ್ಲಿ ಪೆಸಿಫಿಕ್ ದಡದಲ್ಲಿರುವ ಚಿಲಿಯ ಆರಿಕಾದಿಂದ ಬೊಲಿವಿಯಾದ ಟ್ರಿನಿಡಾಡ್‌ವರೆಗೆ, ಅಂದರೆ ಸುಮಾರು 700 ಕಿ.ಮೀ. ಉದ್ದಕ್ಕೆ, ಒಂದು ಪಾತ್ (ಗೆರೆ) ಎಳೆಯಿರಿ. ಅದರ ಮೇಲೆ ಬಲ ಕ್ಲಿಕ್ ಮಾಡಿ ‘ಶೋ ಎಲಿವೇಶನ್ ಪ್ರೊಫೈಲ್’ ಆರಿಸಿದರೆ ಕೆಳಗೆ ಗ್ರಾಫ್ ಮೂಡುತ್ತದೆ: ಸಮುದ್ರದಿಂದ ಗಕ್ಕನೆ ಏರುವ ಆಂಡಿಸ್, ನಡುವೆ ಚಪ್ಪಟೆಯಾದ ಆಲ್ಟಿಪ್ಲಾನೊ ಪ್ರಸ್ಥಭೂಮಿ, ಮತ್ತೊಂದು ಸಾಲು, ಆಮೇಲೆ ಅಮೆಜಾನ್ ಬಯಲಿಗೆ ಧುಮುಕು. ದೇಶದ ಅರ್ಧ ಭೂಗೋಳ ಈ ಒಂದು ಗೆರೆಯಲ್ಲಿದೆ. ಒಂದು ಎಚ್ಚರಿಕೆ: ಗ್ರಾಫ್‌ನ ಲಂಬ ಅಳತೆ ಮೀಟರ್‌ನಲ್ಲಿ, ಅಡ್ಡ ಅಳತೆ ಕಿಲೋಮೀಟರ್‌ನಲ್ಲಿ ಇರುವುದರಿಂದ ಇಳಿಜಾರು ನಿಜಕ್ಕಿಂತ ಎಷ್ಟೋ ಪಟ್ಟು ಕಡಿದಾಗಿ ಕಾಣುತ್ತದೆ. ಮಕ್ಕಳು ಇದನ್ನು ಗೋಡೆಯಂತಹ ಪರ್ವತ ಎಂದು ವರ್ಣಿಸದ ಹಾಗೆ ನೋಡಿಕೊಳ್ಳಿ. ಪಾತನ್ನು ಕೆಎಂಎಲ್ ಎನ್ನುವ ನಕ್ಷೆ ಕಡತವಾಗಿ ಉಳಿಸಿ ವೆಬ್ ಪ್ರಾಜೆಕ್ಟ್‌ಗೆ ತರಬಹುದು. ಗ್ರಾಫ್ ಜೊತೆಗೆ ಬರುವುದಿಲ್ಲ, ಅದಕ್ಕೆ ಸ್ಕ್ರೀನ್‌ಶಾಟೇ ಗತಿ.

ಅರ್ತ್‌ನಲ್ಲಿ ಹಣ ಕೊಟ್ಟಾದರೂ ಪಡೆಯಬೇಕಾದ ಭಾಗವೆಂದರೆ 2021ರಲ್ಲಿ ಸೇರಿದ ಟೈಮ್‌ಲ್ಯಾಪ್ಸ್. ಪುಣ್ಯಕ್ಕೆ ಅದೂ ಉಚಿತ. 1984ರಿಂದ ಈಚೆಗಿನ ಉಪಗ್ರಹ ಚಿತ್ರಗಳನ್ನು ವರ್ಷಕ್ಕೊಂದರಂತೆ ಜೋಡಿಸಿ ಓಡಿಸುತ್ತದೆ. ಸಾಂತಾ ಕ್ರೂಸ್ ನಗರದ ಪೂರ್ವಕ್ಕೆ ಹೋಗಿ ಚಾಲೂ ಮಾಡಿದರೆ ಹಸಿರು ಕಾಡಿನ ನಡುವೆ ನಕ್ಷತ್ರಾಕಾರದ ಹೊಲಗಳು ಒಂದರ ಪಕ್ಕ ಒಂದು ಹುಟ್ಟಿಕೊಳ್ಳುತ್ತವೆ. ಅವು ಎತ್ತರದ ಪ್ರದೇಶದಿಂದ ಬಂದವರನ್ನು ನೆಲೆಗೊಳಿಸಿದ ಹಳ್ಳಿಗಳು: ನಡುವೆ ಶಾಲೆ, ಚರ್ಚು, ಫುಟ್‌ಬಾಲ್ ಮೈದಾನ, ಸುತ್ತ ಹೋಳುಹೋಳಾಗಿ ಹರಡಿದ ಜಮೀನು, ಬೆಳೆ ಮುಖ್ಯವಾಗಿ ಸೋಯಾ. ಜೂಮ್ ಮಾಡಿದಷ್ಟೂ ಚೆನ್ನ ಎಂದು ಮಕ್ಕಳು ಒಳಗೆ ಹೋಗುತ್ತಾರೆ, ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಹಳೆಯ ಲ್ಯಾಂಡ್‌ಸ್ಯಾಟ್ ಉಪಗ್ರಹ ಚಿತ್ರಗಳಲ್ಲಿ ಒಂದು ಚುಕ್ಕೆ ಎಂದರೆ ನೆಲದ ಮೇಲೆ 30 ಮೀಟರ್, ಮನೆಗಿಂತ ದೊಡ್ಡದು. ಇಡೀ ನಕ್ಷತ್ರ ಪರದೆಯಲ್ಲಿ ಹಿಡಿಸುವಷ್ಟು ದೂರದಲ್ಲೇ ನಿಲ್ಲಿ.

ಪೂಪೊ ಕೆರೆ ಇನ್ನೊಂದು ಪಾಠ. ಒಂದು ಕಾಲಕ್ಕೆ ಬೊಲಿವಿಯಾದ ಎರಡನೇ ದೊಡ್ಡ ಕೆರೆಯಾಗಿದ್ದ ಇದು 2015ರ ಕೊನೆಗೆ ಒಣಗಿ ಬಯಲಾಯಿತು. ಟೈಮ್‌ಲ್ಯಾಪ್ಸ್‌ನಲ್ಲಿ ಅದು ಕುಗ್ಗಿ, ಮತ್ತೆ ತುಂಬಿ, ಕೊನೆಗೆ ಬರಿದಾಗುವುದು ಕಾಣುತ್ತದೆ. ಇಷ್ಟು ನೋಡಿದ ಮಕ್ಕಳು ‘ಹವಾಮಾನ ಬದಲಾವಣೆಯಿಂದ ಕೆರೆ ಬತ್ತಿತು’ ಎಂದು ಒಂದು ಸಾಲು ಬರೆದು ಮುಂದಿನ ಪಿನ್‌ಗೆ ಹೋಗಿಬಿಡುತ್ತಾರೆ. ಆ ಸಾಲು ಅರ್ತ್ ಹೇಳಿದ್ದಲ್ಲ, ಅವರ ಊಹೆ. ಆಳ ಮೂರು ಮೀಟರ್ ಕೂಡ ಇಲ್ಲದ ಕೆರೆ, ಬರ, ಏರಿದ ತಾಪ, ಗಣಿ ಮತ್ತು ಕೃಷಿಗೆ ತಿರುಗಿದ ನೀರು, ತುಂಬಿದ ಹೂಳು, ಇವೆಲ್ಲ ಸೇರಿ ಆದದ್ದು ಎಂದು ತಿಳಿಯಬೇಕಾದರೆ ಅರ್ತ್ ಮುಚ್ಚಿ ಓದಬೇಕು. ಪ್ರತಿ ಟೈಮ್‌ಲ್ಯಾಪ್ಸ್ ನಿಲ್ದಾಣಕ್ಕೂ ಅರ್ತ್‌ನ ಹೊರಗಿನ ಕನಿಷ್ಠ ಎರಡು ಆಕರ ಎಂದು ನಿಯಮ ಮಾಡಿ.

ಅಂಕಿ-ಅಂಶಕ್ಕೆ ಅರ್ತ್ ಜೊತೆ ವಿಶ್ವಬ್ಯಾಂಕ್‌ನ ಡೇಟಾ ತಾಣವನ್ನು ಬಳಸುವುದು ಒಳ್ಳೆಯ ಜೋಡಿ. ದೇಶದ ಪುಟದಲ್ಲೇ ಗ್ರಾಫ್ ಸಿಗುತ್ತದೆ. ಆದರೆ ಬೊಲಿವಿಯಾದ ಜನಸಂಖ್ಯೆ ಅಲ್ಲಿ 1.2 ಕೋಟಿ ದಾಟಿದರೆ, ದೇಶದ 2024ರ ಜನಗಣತಿ ಹೇಳಿದ್ದು ಸುಮಾರು 1.13 ಕೋಟಿ. ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಒಂದು ಹಿಂದಿನ ಗಣತಿಗಳ ಆಧಾರದ ಮೇಲೆ ಮಾಡಿದ ಅಂದಾಜು, ಇನ್ನೊಂದು ಎಣಿಕೆ. ಎರಡನ್ನೂ ಒಂದೇ ಸ್ಲೈಡ್‌ನಲ್ಲಿ ಹಾಕಿ ವರ್ಷ ಮತ್ತು ಮೂಲ ಬರೆಸಿದರೆ ಸಂಶೋಧನೆ ಎಂದರೇನು ಎನ್ನುವುದು ಹತ್ತು ನಿಮಿಷದಲ್ಲಿ ತಲೆಗೆ ಹೋಗುತ್ತದೆ. ರಾಜಧಾನಿಯ ಕತೆಯೂ ಇದೇ: ಸಂವಿಧಾನದ ಪ್ರಕಾರ ಸೂಕ್ರೆ, ಸರ್ಕಾರ ಕೂತಿರುವುದು ಲಾ ಪಾಸ್‌ನಲ್ಲಿ. ಚಾಟ್‌ಬಾಟ್ ಕೇಳಿ ಬರೆದ ಗುಂಪುಗಳಲ್ಲಿ ಅಂಕಿ ಇರುತ್ತದೆ, ವರ್ಷ ಇರುವುದಿಲ್ಲ. ಗುರುತು ಹಿಡಿಯಲು ಅಷ್ಟು ಸಾಕು.

ಇನ್ನು ದೂರುಗಳು. ಬರಹಕ್ಕೆ ಇರುವ ಜಾಗ ಕಿರಿದು, ವಿನ್ಯಾಸದ ಸ್ವಾತಂತ್ರ್ಯ ಕಡಿಮೆ. ಕನ್ನಡದಲ್ಲಿ ಬರೆದರೆ ಸರಿಯಾಗಿ ಮೂಡುತ್ತದೆ, ಆದರೆ ಮೂವತ್ತು-ನಲವತ್ತು ಪದ ದಾಟಿದರೆ ಸ್ಕ್ರೋಲ್ ಮಾಡುತ್ತ ಕೂರಬೇಕು. ಕೋಷ್ಟಕ, ಗ್ರಾಫ್ ಬೇಕಿದ್ದರೆ ಸ್ಲೈಡ್ಸ್‌ನಲ್ಲಿ ಮಾಡಿ ಚಿತ್ರವಾಗಿ ತಂದು ಅಂಟಿಸಬೇಕು. ಪ್ರಾಜೆಕ್ಟನ್ನು ಡ್ರೈವ್ ಕಡತದಂತೆ ಹಂಚಬಹುದು, ಆದರೂ ಒಂದು ಹೊತ್ತಿಗೆ ಒಬ್ಬರೇ ತಿದ್ದುವುದು ಕ್ಷೇಮ. ಉಳಿದವರು ತಮ್ಮ ಭಾಗವನ್ನು ಡಾಕ್ಸ್‌ನಲ್ಲಿ ಬರೆದಿಟ್ಟು ಸರದಿಯಲ್ಲಿ ಅಂಟಿಸಲಿ. ಬೀದಿಯಲ್ಲಿ ನಿಂತು ನೋಡಿದಂತೆ ತೋರಿಸುವ ಸ್ಟ್ರೀಟ್ ವ್ಯೂ ಎಲ್ಲ ದೇಶಗಳಲ್ಲೂ ಇಲ್ಲ. ದೇಶ ಹಂಚುವ ಮೊದಲೇ ಸ್ಟ್ರೀಟ್ ವ್ಯೂನ ನೀಲಿ ಗೆರೆಗಳು ಎಲ್ಲೆಲ್ಲಿವೆ ಎಂದು ನೋಡಿಕೊಳ್ಳದಿದ್ದರೆ ಒಂದು ಗುಂಪಿಗೆ ಬೀದಿಬೀದಿ ಸುತ್ತಾಟ, ಇನ್ನೊಂದಕ್ಕೆ ಬರೀ ಆಕಾಶದ ನೋಟ. ವಿವಾದಿತ ಗಡಿಗಳನ್ನು ಅರ್ತ್ ತುಂಡುಗೆರೆಯಲ್ಲಿ ತೋರಿಸುತ್ತದೆ, ಯಾವ ದೇಶದಲ್ಲಿ ಕೂತು ನೋಡುತ್ತೀರಿ ಎಂಬುದರ ಮೇಲೆ ಅದೂ ಬದಲಾಗಬಹುದು. ಚಿತ್ರಗಳು ಲೈವ್ ಅಲ್ಲ, ಬೇರೆ ಬೇರೆ ದಿನಾಂಕದ ತುಣುಕುಗಳ ಹೊಲಿಗೆ. ‘ಈಗ ಅಲ್ಲಿ ಮಳೆ ಇಲ್ಲ, ನೋಡಿ’ ಎಂದು ಹೇಳುವ ಮಗು ಪ್ರತಿ ತರಗತಿಯಲ್ಲೂ ಇರುತ್ತದೆ.

ಪ್ರದರ್ಶನದ ದಿನಕ್ಕೆ: ಏಳು ನಿಮಿಷಕ್ಕೆ ಆರು ನಿಲ್ದಾಣ ಸಾಕು, ಎಂಟಾದರೆ ಓಡಬೇಕಾಗುತ್ತದೆ. ಒಂದು ಜಾಗದಿಂದ ಇನ್ನೊಂದಕ್ಕೆ ಹಾರುವ ಕೆಲವು ಸೆಕೆಂಡುಗಳಲ್ಲಿ ಸುಮ್ಮನೆ ನಿಲ್ಲದೆ, ಮುಂದಿನ ಜಾಗ ಎಷ್ಟು ದೂರ, ಯಾವ ದಿಕ್ಕಿಗೆ ಎಂದು ಹೇಳುವ ಅಭ್ಯಾಸ ಮಾಡಿಸಿ. ಹಾರಾಟ ತಲೆ ಸುತ್ತಿಸುವಷ್ಟು ಜೋರಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಅದರ ವೇಗ ತಗ್ಗಿಸಬಹುದು. ಸಮೀಪದ ನಿಲ್ದಾಣಗಳನ್ನು ಅಕ್ಕಪಕ್ಕ ಜೋಡಿಸಿ: ಟಿಟಿಕಾಕಾ ಸರೋವರ, ಲಾ ಪಾಸ್, ಪೂಪೊ, ಉಯುನಿಯ ಉಪ್ಪಿನ ಬಯಲು, ಸೂಕ್ರೆ, ಸಾಂತಾ ಕ್ರೂಸ್ ಎಂದು ಉತ್ತರದಿಂದ ದಕ್ಷಿಣಕ್ಕೆ ಇಳಿದು ಪೂರ್ವಕ್ಕೆ ತಿರುಗಿದರೆ ನೋಡುವವರಿಗೆ ದಿಕ್ಕು ತಪ್ಪುವುದಿಲ್ಲ. ಹತ್ತು ಸಾವಿರ ಚದರ ಕಿ.ಮೀ. ಮೀರಿದ ಉಪ್ಪಿನ ಬಯಲಿನ ಸುತ್ತ ಗೆರೆ ಎಳೆದು, ಅದೇ ಆಕಾರವನ್ನು ಮಕ್ಕಳಿಗೆ ಗೊತ್ತಿರುವ ಪ್ರದೇಶದ ಅಳತೆಯೊಂದಿಗೆ ಹೋಲಿಸಲು ಅಳತೆಯ ಉಪಕರಣವಿದೆ. ಅಂಕಿಗಿಂತ ಅದು ಬೇಗ ನಾಟುತ್ತದೆ.

ಇಂಟರ್ನೆಟ್ ಇಲ್ಲದಿದ್ದರೆ ಅರ್ತ್ ಪ್ರಾಜೆಕ್ಟ್ ಓಡುವುದೇ ಇಲ್ಲ. ಸಭಾಂಗಣದ ಸಂಪರ್ಕ ನಂಬುವ ಹಾಗಿಲ್ಲದಿದ್ದರೆ ಹಿಂದಿನ ದಿನವೇ ಇಡೀ ಪ್ರಯಾಣವನ್ನು ಸ್ಕ್ರೀನ್ ರೆಕಾರ್ಡ್ ಮಾಡಿ, ಧ್ವನಿ ತೆಗೆದು, ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಮಕ್ಕಳು ಅದರ ಮೇಲೆ ನೇರವಾಗಿ ಮಾತಾಡಲಿ. ರೆಕಾರ್ಡ್ ಮಾಡುವಾಗಲೂ ಸ್ಕ್ರೀನ್‌ಶಾಟ್ ಕತ್ತರಿಸುವಾಗಲೂ ಪರದೆಯ ಅಡಿಯಲ್ಲಿ ಗೂಗಲ್ ಮತ್ತು ಚಿತ್ರ ಒದಗಿಸಿದವರ ಹೆಸರಿರುವ ಪಟ್ಟಿಯನ್ನು ಉಳಿಸಿಕೊಳ್ಳಬೇಕು, ಅದು ಬಳಕೆಯ ಷರತ್ತು. ಹೊರಗಿನಿಂದ ತಂದ ಫೋಟೊಗಳಿಗೆ ವಿಕಿಮೀಡಿಯಾ ಕಾಮನ್ಸ್ ಸುಲಭದ ದಾರಿ: ಪ್ರತಿ ಫೋಟೊದ ಪುಟದಲ್ಲೂ ತೆಗೆದವರ ಹೆಸರು, ಪರವಾನಗಿ ಎರಡೂ ಇರುತ್ತವೆ. ಅದನ್ನು ಪ್ಲೇಸ್‌ಮಾರ್ಕ್‌ನ ವಿವರಣೆಯ ಕೊನೇ ಸಾಲಿಗೆ ಆಗಲೇ ಅಂಟಿಸಿಬಿಡಲಿ. ಆಮೇಲೆ ಹುಡುಕುತ್ತೇವೆಂದವರಿಗೆ ಆ ಪುಟ ಮತ್ತೆ ಸಿಗುವುದು ಅಪರೂಪ.