ಜಿಟಿಓ ವೇಷದ ಲೆಮಾನ್ಸ್: ಹಳೆಯ ಪಾಂಟಿಯಾಕ್ ಕೊಳ್ಳುವವರಿಗೆ ಎಚ್ಚರಿಕೆ

1964 ಅಥವಾ 1965ರ ಪಾಂಟಿಯಾಕ್ ಜಿಟಿಓ ಕೊಳ್ಳಲು ಹೊರಟಿದ್ದರೆ, ಪಿಎಚ್‌ಎಸ್ (ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್) ಎಂಬ ಸಂಸ್ಥೆ ಕೊಡುವ ಕಾರ್ಖಾನೆಯ ದಾಖಲೆ ಕೈಗೆ ಬರುವವರೆಗೆ ಒಂದು ಡಾಲರನ್ನೂ ಬಿಚ್ಚಬೇಡಿ. ನಾನಿರುವ ಮಿಷಿಗನ್‌ನ ಪಕ್ಕದ ರಾಜ್ಯದ ಹಳೆಯ ಕಾರುಗಳ ವ್ಯಾಪಾರಿಯೊಬ್ಬ ನನ್ನಿಂದ ಮುಂಗಡವಾಗಿ ಪಡೆದ 3,000 ಡಾಲರ್ ಇನ್ನೂ ಅವನ ಬಳಿಯೇ ಇದೆ. ಕಾರು ಮಾತ್ರ, ಪಾಂಟಿಯಾಕ್‌ನದೇ ಸಾಮಾನ್ಯ ಮಾದರಿಯಾದ ಲೆಮಾನ್ಸ್ ಆಗಿದ್ದರೂ, ಜಿಟಿಓ ಎಂಬ ಅದೇ ಸುಳ್ಳು ಹೆಸರಿನಲ್ಲಿ ಮತ್ತೆ ಜಾಹೀರಾತಿಗೆ ಬಂದಿದೆ. ಇನ್ನೊಬ್ಬರು ಅಲ್ಲಿಗೆ ಹೋಗಿ ಸಿಕ್ಕಿಬೀಳಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಈ ಎರಡು ವರ್ಷಗಳ ಜಿಟಿಓದಲ್ಲಿ ಮೋಸ ಸುಲಭವಾಗಲು ಕಾರಣ ಆ ಕಾರಿನ ಹುಟ್ಟಿನಲ್ಲೇ ಇದೆ. ಮಧ್ಯಮ ಗಾತ್ರದ ಕಾರುಗಳಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಕೂರಿಸಬಾರದೆಂದು ಜನರಲ್ ಮೋಟಾರ್ಸ್ ಆಗ ಪಾಂಟಿಯಾಕ್ ಸೇರಿದಂತೆ ತನ್ನ ವಿಭಾಗಗಳಿಗೆ ಕಟ್ಟಪ್ಪಣೆ ಮಾಡಿತ್ತು. ಪಾಂಟಿಯಾಕ್‌ನ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಸಂಗಡಿಗರು ಇದಕ್ಕೊಂದು ದಾರಿ ಹುಡುಕಿದರು. 389 ಘನ ಇಂಚಿನ ವಿ8 ಎಂಜಿನ್ನನ್ನು ಪ್ರತ್ಯೇಕ ಮಾದರಿಯೆಂದು ಘೋಷಿಸದೆ, ಹೆಚ್ಚು ಹಣ ತೆತ್ತು ಪಡೆಯಬಹುದಾದ ಜಿಟಿಓ ಎಂಬ ಆಯ್ಕೆಯಾಗಿ ಲೆಮಾನ್ಸ್‌ಗೆ ಸೇರಿಸಿದರು. ಆ ಜಾಣತನದಿಂದ ಅಮೆರಿಕಕ್ಕೆ ಒಂದು ಅದ್ಭುತ ಕಾರು ಸಿಕ್ಕಿತು. ಆದರೆ ಕಾರಿನ ಗುರುತಿನ ಸಂಖ್ಯೆಯಲ್ಲಿ, ಅಂದರೆ ವಿಐಎನ್‌ನಲ್ಲಿ, ಜಿಟಿಓ ಎಂಬುದರ ಸುಳಿವೇ ಉಳಿಯಲಿಲ್ಲ. 1966ರಲ್ಲಿ ಅದು ಸ್ವತಂತ್ರ ಮಾದರಿಯಾದ ಮೇಲೆ ವಿಐಎನ್ 242ರಿಂದ ಶುರುವಾಗತೊಡಗಿತು. ಅದಕ್ಕೂ ಹಿಂದಿನ ವರ್ಷದ ಜಿಟಿಓ ಹಾರ್ಡ್‌ಟಾಪ್‌ಗೂ (ಪಕ್ಕದ ಕಿಟಕಿಗಳ ನಡುವೆ ಕಂಬವಿಲ್ಲದ ಕಾರು) ಸಾಮಾನ್ಯ ಲೆಮಾನ್ಸ್ ಹಾರ್ಡ್‌ಟಾಪ್‌ಗೂ ವಿಐಎನ್‌ನ ಆರಂಭದಲ್ಲಿ ಇರುವುದು ಒಂದೇ 23737.

ಆ ವ್ಯಾಪಾರಿ ಆಡಿದ್ದು ಇದೇ ಆಟ. ಚಾಲಕನ ಕಡೆಯ ಬಾಗಿಲು ತೆರೆದು, ಕೀಲಿನ ಕಂಬದ ಮೇಲಿನ ಪುಟ್ಟ ಫಲಕಕ್ಕೆ ಟಾರ್ಚ್ ಹಿಡಿದು, "ನೋಡಿ, ಎಲ್ಲ ಸರಿಯಾಗಿದೆ" ಎಂದ. ಸಂಖ್ಯೆ ನಿಜವಾದದ್ದೇ. ಅದರಿಂದ ಅದು ವಿ8 ಲೆಮಾನ್ಸ್ ಎಂದಷ್ಟೇ ತಿಳಿಯುತ್ತದೆ. ಬಾನೆಟ್ ಕೆಳಗೆ ಮೂರು ಕಾರ್ಬ್ಯುರೇಟರ್‌ಗಳ ಟ್ರೈ-ಪವರ್, ಹೊಳೆಯುವ ಕ್ರೋಮ್ ಮುಚ್ಚಳಗಳು, ಮುಂದಿನ ಮಡ್ಗಾರ್ಡಿನ ಮೇಲೆ 6.5 ಲೀಟರ್ ಎಂಬ ಲಾಂಛನ. ಇವೆಲ್ಲವೂ ಇಂದು ಹೊಸದಾಗಿ ತಯಾರಾಗಿ ಅಂಗಡಿಯಲ್ಲಿ ಸಿಗುವ ಬಿಡಿಭಾಗಗಳು. ಸಾಮಾನ್ಯ ಲೆಮಾನ್ಸ್‌ಗೆ ಬರುತ್ತಿದ್ದ ಪಾಂಟಿಯಾಕ್‌ನ 326 ಘನ ಇಂಚಿನ ವಿ8 ಎಂಜಿನ್ ಮತ್ತು ಜಿಟಿಓದ 389 ಎಂಜಿನ್ ಹೊರನೋಟಕ್ಕೆ ಒಂದೇ ಅಳತೆಯವು. ಎರಕದ ಸಂಖ್ಯೆ, ಬ್ಲಾಕಿನ ಮುಂಭಾಗದಲ್ಲಿ ಒತ್ತಿರುವ ಎರಡಕ್ಷರದ ಸಂಕೇತ, ಇವನ್ನು ಓದದೆ ಯಾವುದು ಯಾವುದೆಂದು ಹೇಳಲಾಗದು. ಆ ಸಂಕೇತದ ಜಾಗಕ್ಕೆ ದಪ್ಪನಾಗಿ ಬಣ್ಣ ಬಳಿದಿತ್ತು.

ಪಿಎಚ್‌ಎಸ್ ದಾಖಲೆ ತರಿಸುತ್ತೇನೆಂದು ನಾನು ಮೊದಲೇ ಹೇಳಿದ್ದೆ. "ಧಾರಾಳವಾಗಿ ತರಿಸಿ, ಅಲ್ಲಿಯವರೆಗೆ ಮುಂಗಡ ಕೊಟ್ಟರೆ ಕಾರನ್ನು ತೆಗೆದಿಡುತ್ತೇನೆ" ಎಂದ. ರಸೀದಿಯಲ್ಲೂ 1965ರ ಜಿಟಿಓ ಎಂದೇ ಬರೆದ. ಪಾಂಟಿಯಾಕ್ ಕಾರ್ಖಾನೆಯ 1961ರಿಂದೀಚಿನ ದಾಖಲೆಗಳನ್ನು ಕಾಪಾಡಿಟ್ಟಿರುವ ಸಂಸ್ಥೆ ಪಿಎಚ್‌ಎಸ್. ವಿಐಎನ್ ಕೊಟ್ಟು ಶುಲ್ಕ ಕಟ್ಟಿದರೆ ಆ ಕಾರಿನ ಮೂಲ ಬಿಲ್ಲಿನ ಪ್ರತಿ ಕಳುಹಿಸುತ್ತದೆ. ಬಂದ ಪ್ರತಿಯಲ್ಲಿ ಇದ್ದದ್ದು 326 ಎಂಜಿನ್, ಆಟೋಮ್ಯಾಟಿಕ್ ಗೇರ್, ಹಸಿರು ಬಣ್ಣ. ಜಿಟಿಓ ಆಯ್ಕೆಯ ಸಾಲೇ ಇಲ್ಲ. ನಾನು ನೋಡಿದ ಕಾರು ಕೆಂಪು, ನಾಲ್ಕು ಗೇರಿನ ಮ್ಯಾನ್ಯುಯಲ್.

ಕಾಗದವನ್ನು ಮುಂದಿಟ್ಟಾಗ ಅವನ ದನಿ ಬದಲಾಯಿತು. ದಾಖಲೆಯೇ ತಪ್ಪಿರಬಹುದು ಎಂದ. ಮುಂಗಡ ಹಿಂದಿರುಗಿಸುವುದಿಲ್ಲ ಎಂದು ರಸೀದಿಯ ಹಿಂಬದಿಯಲ್ಲಿ ಅಚ್ಚಾಗಿದ್ದ ಸಾಲನ್ನು ತೋರಿಸಿದ. ಅಂದು ಬಟ್ಟೆ ಸುತ್ತಿದ ಅಯಸ್ಕಾಂತವನ್ನೂ ಒಯ್ದಿದ್ದೆ. ಹಿಂಚಕ್ರದ ಹಿಂದೆ, ಬಂಪರಿಗಿಂತ ಮುಂಚೆ, ಅಂಗೈಯಗಲದ ಜಾಗದಲ್ಲಿ ಅದು ಕಚ್ಚಲೇ ಇಲ್ಲ, ಜಾರಿ ಬಿತ್ತು. ಅಲ್ಲಿದ್ದದ್ದು ಬರೀ ಪುಟ್ಟಿ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ನಮ್ಮ ಕಡೆಯ ರಾಜ್ಯಗಳಲ್ಲಿ ಆ ಜಾಗ, ಹಿಂಗಾಜಿನ ಕೆಳಮೂಲೆ, ಡಿಕ್ಕಿಯ ತಳ ಮೊದಲು ತುಕ್ಕು ತಿನ್ನುತ್ತವೆ. ಡಿಕ್ಕಿಯ ಹೊಸ ಚಾಪೆ ಎತ್ತಿ ನೋಡಲು ಅವನು ಬಿಡಲಿಲ್ಲ. ರಾಜ್ಯದ ಅಟಾರ್ನಿ ಜನರಲ್ ಕಚೇರಿಯ ಗ್ರಾಹಕ ರಕ್ಷಣಾ ವಿಭಾಗಕ್ಕೆ ದೂರು ಕೊಟ್ಟಿದ್ದೇನೆ.

ಲೆಮಾನ್ಸ್ ಕೀಳು ಕಾರೇನಲ್ಲ. ಅದರ ಗೆರೆಗಳ ಚೆಲುವು, ಮೇಲೊಂದು ಕೆಳಗೊಂದು ಜೋಡಿಸಿದ ಆ ಮುಂದೀಪಗಳು ನನಗೆ ಬಲು ಇಷ್ಟ. ಹಸಿರು ಲೆಮಾನ್ಸ್ ಆಗಿಯೇ ಉಳಿದಿದ್ದರೆ ನ್ಯಾಯವಾದ ಬೆಲೆಗೆ ಸಂತೋಷದಿಂದ ಕೊಳ್ಳುತ್ತಿದ್ದೆ. ಇದು ಜಿಟಿಓದಂತೆ ಮಾಡಿದ ಲೆಮಾನ್ಸ್ ಎಂದು ಬಾಯಿಬಿಟ್ಟು ಹೇಳಿ ಮಾರುವವರ ಮೇಲೆ ನನ್ನ ದೂರಿಲ್ಲ. ಸುಳ್ಳು ಹೆಸರಿಟ್ಟು ದುಪ್ಪಟ್ಟು ಕೇಳುವುದು ಮಾತ್ರ ಹಗಲುದರೋಡೆ.

ಬೇರೆ ಕಾರು ಹುಡುಕುತ್ತಿರುವವರೂ ಹುಷಾರಾಗಿರಿ. 1966ರಿಂದ 1968ರವರೆಗಿನ, ಷೆವರ್ಲೆ ಕಂಪನಿಯ ಷೆವೆಲ್ ಎಸ್‌ಎಸ್ 396 ಆದರೆ ವಿಐಎನ್ 138ರಿಂದ ಶುರುವಾಗುತ್ತದೆ. 1969ರಿಂದ ಆ ಗುರುತೂ ಇಲ್ಲ. ಅದೇ ಕಂಪನಿಯ 1967ರ ಕಮಾರೊ ಎಸ್‌ಎಸ್ ಕೂಡ ವಿಐಎನ್‌ನಿಂದ ಪತ್ತೆಯಾಗುವುದಿಲ್ಲ. ಫೋರ್ಡ್ ಆದರೆ 1967ರಿಂದೀಚಿನ ಕಾರುಗಳಿಗೆ ಕಾರ್ಖಾನೆಯ ದಾಖಲೆ ಆಧರಿಸಿದ ಮಾರ್ಟಿ ರಿಪೋರ್ಟ್ ತರಿಸಬಹುದು.

ಮುಂಗಡ ಕೊಡಲೇಬೇಕಾದ ಸಂದರ್ಭ ಬಂದರೆ, ಕಾರ್ಖಾನೆಯ ದಾಖಲೆಯಲ್ಲಿ ಜಿಟಿಓ ಎಂದಿರದಿದ್ದರೆ ಪೂರ್ತಿ ಹಣ ಹಿಂದಿರುಗಿಸುತ್ತೇನೆ ಎಂಬ ಮಾತನ್ನು ರಸೀದಿಯ ಮುಂಬದಿಯಲ್ಲಿ ಮಾರುವವನ ಕೈಯಲ್ಲೇ ಬರೆಸಿ, ಸಹಿ ಹಾಕಿಸಿಕೊಳ್ಳಿ. ಬರೆಯಲು ಒಪ್ಪದಿದ್ದರೆ ಅಲ್ಲಿಂದ ಹೊರಟುಬಿಡಿ.